ನೆಲೆಯ ಕಲ್ಲು, ನೇಣಿನ ಕಲ್ಲು: ಸೇಲಮ್‌ನ ಸ್ಮಾರಕಗಳ ಒಂದು ಓದು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಮ್ ಮತ್ತು ಅದರ ನೆರೆಯ ಡ್ಯಾನ್‌ವರ್ಸ್ ಊರುಗಳಲ್ಲಿ ಎರಡು ಬಗೆಯ ಸ್ಮಾರಕಗಳಿವೆ. ಒಂದು ಬಗೆಯವು ಹದಿನೇಳನೆಯ ಶತಮಾನದ ಇಂಗ್ಲಿಷ್ ವಸಾಹತಿನ ಸ್ಥಾಪನೆಯನ್ನು ಸಾರುತ್ತವೆ. ಇನ್ನೊಂದು ಬಗೆಯವು 1692ರ ಮಾಟದ ಮೊಕದ್ದಮೆಗಳಲ್ಲಿ ಪ್ರಾಣ ತೆತ್ತವರನ್ನು ನೆನೆಯುತ್ತವೆ. ಮೊದಲನೆಯವುಗಳ ಧಾಟಿ ಹೆಮ್ಮೆಯದು, ಎರಡನೆಯವುಗಳದು ಪಶ್ಚಾತ್ತಾಪದ್ದು. ಹೀಗಾಗಿ ವಸಾಹತು ಮತ್ತು ವಿಚಾರಣೆ ಎರಡು ಬೇರೆ ಅಧ್ಯಾಯಗಳೆಂಬ ಭಾವನೆ ಮೂಡುತ್ತದೆ. ದಾಖಲೆಗಳು ಈ ವಿಂಗಡಣೆಗೆ ಒಪ್ಪುವುದಿಲ್ಲ.

ರೋಜರ್ ಕೊನಂಟ್ ಮತ್ತು ಆತನ ಸಂಗಡಿಗರು 1626ರಲ್ಲಿ ಬಂದು ನೆಲೆಸಿದ ಸ್ಥಳಕ್ಕೆ ಆಗಲೇ ನೌಮ್‌ಕೆಗ್ ಎಂಬ ಹೆಸರಿತ್ತು. 1616ರಿಂದ 1619ರವರೆಗಿನ ಸಾಂಕ್ರಾಮಿಕವು ಆ ಕರಾವಳಿಯ ಮೂಲನಿವಾಸಿ ಗ್ರಾಮಗಳನ್ನು ಬಹುಮಟ್ಟಿಗೆ ಬರಿದು ಮಾಡಿತ್ತು. ಮುಂದೆ ಶಾಂತಿ ಎಂಬರ್ಥದ ಹೀಬ್ರೂ ಮೂಲದ ಹೆಸರು ಹಳೆಯ ಹೆಸರಿನ ಸ್ಥಾನಕ್ಕೆ ಬಂದಿತು. ಮ್ಯಾಸಚೂಸೆಟ್ಸ್ ಬೇ ವಸಾಹತಿನ ಮುನ್ನೂರನೆಯ ವರ್ಷದ ನೆನಪಿಗಾಗಿ 1930ರಲ್ಲಿ ರಾಜ್ಯದ ರಸ್ತೆಬದಿಗಳಲ್ಲಿ ಲೋಹದ ಫಲಕಗಳನ್ನು ನಿಲ್ಲಿಸಲಾಯಿತು. ಅವುಗಳ ಪಠ್ಯವನ್ನು ಪರಿಷ್ಕರಿಸಿದವರು ಇತಿಹಾಸಕಾರ ಸ್ಯಾಮ್ಯುಯೆಲ್ ಎಲಿಯಟ್ ಮಾರಿಸನ್. ವಲಸಿಗರು ನೆಲೆಸಿದ ವರ್ಷವನ್ನೇ ಊರಿನ ಆರಂಭವೆಂದು ಎಣಿಸುವುದು ಇಂಥ ಸ್ಮರಣೆಯ ಸಾಮಾನ್ಯ ಕ್ರಮ.

ಆದರೆ ನೆಲದ ಹಕ್ಕು ಅಷ್ಟು ಸರಳವಾಗಿರಲಿಲ್ಲ. 1684ರಲ್ಲಿ ವಸಾಹತಿನ ಸನ್ನದು ರದ್ದಾದಾಗ ಭೂಹಕ್ಕುಗಳೆಲ್ಲ ಅನಿಶ್ಚಿತವಾದವು. 1686ರಲ್ಲಿ ಸೇಲಮ್‌ನವರು ಮೂಲನಿವಾಸಿ ಮುಖಂಡನ ವಾರಸುದಾರರಿಗೆ ಇಪ್ಪತ್ತು ಪೌಂಡು ಕೊಟ್ಟು ಕ್ರಯಪತ್ರ ಬರೆಸಿಕೊಂಡರು. ನೆಲೆಸಿ ಅರುವತ್ತು ವರ್ಷಗಳಾದ ಮೇಲೆ ಮಾಡಿಸಿಕೊಂಡ ಪತ್ರವಿದು. ಮಾಟದ ಆರೋಪಗಳು ಎದ್ದದ್ದು ಇದಾದ ಆರನೆಯ ವರ್ಷದಲ್ಲಿ.

1692ರ ವಿಚಾರಣೆಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಆರೋಪಕ್ಕೆ ಗುರಿಯಾದರು. ಹತ್ತೊಂಬತ್ತು ಮಂದಿಯನ್ನು ನೇಣಿಗೇರಿಸಲಾಯಿತು. ತಪ್ಪೊಪ್ಪಿಗೆಯ ಬಗ್ಗೆಯಾಗಲಿ ನಿರಾಕರಣೆಯ ಬಗ್ಗೆಯಾಗಲಿ ನ್ಯಾಯಾಲಯದ ವಿಧಿಗೆ ಮಣಿಯದ ಜೈಲ್ಸ್ ಕೋರಿಯನ್ನು ಕಲ್ಲುಗಳ ಭಾರ ಹೇರಿ ಕೊಲ್ಲಲಾಯಿತು. ಕನಿಷ್ಠ ಐವರು ಸೆರೆಯಲ್ಲೇ ಸತ್ತರು. ಮೇರಿ ಬೆತ್ ನಾರ್ಟನ್ 2002ರ ತಮ್ಮ ಗ್ರಂಥದಲ್ಲಿ ಈ ಭೀತಿಯನ್ನು ಉತ್ತರದ ಗಡಿಯಲ್ಲಿ ಮೂಲನಿವಾಸಿಗಳೊಂದಿಗೆ ನಡೆಯುತ್ತಿದ್ದ ಯುದ್ಧಕ್ಕೆ ಜೋಡಿಸಿದ್ದಾರೆ. ಆರೋಪಿಸಿದವರಲ್ಲಿ ಒಬ್ಬಳಾದ ಮರ್ಸಿ ಲೂಯಿಸ್ ಆ ಗಡಿಯಿಂದ ನಿರಾಶ್ರಿತೆಯಾಗಿ ಬಂದವಳು. ಗಲ್ಲಿಗೇರಿದ ಪಾದ್ರಿ ಜಾರ್ಜ್ ಬರೋಸ್‌ನನ್ನು ಹಿಡಿದು ತಂದದ್ದೂ ಅದೇ ಮೇನ್ ಪ್ರಾಂತ್ಯದಿಂದ. ಮೊದಲು ತಪ್ಪೊಪ್ಪಿಕೊಂಡ ದಾಸಿ ಟಿಟುಬಾಳನ್ನು ದಾಖಲೆಗಳು ಇಂಡಿಯನ್ ಎಂದೇ ಗುರುತಿಸುತ್ತವೆ. ಹೀಗೆ ನೆಲವನ್ನು ಆಕ್ರಮಿಸಿದ ಸಮಾಜದ ಭಯವೇ ನ್ಯಾಯಾಲಯದಲ್ಲಿ ಸೈತಾನನ ವೇಷ ತೊಟ್ಟು ಬಂದಂತಿದೆ.

ಪಶ್ಚಾತ್ತಾಪದ ಸ್ಮಾರಕಗಳು ತಡವಾಗಿ ಬಂದವು. ರೆಬೆಕ್ಕಾ ನರ್ಸ್‌ಳ ವಂಶಸ್ಥರು 1885ರಲ್ಲಿ ಡ್ಯಾನ್‌ವರ್ಸ್‌ನಲ್ಲಿ ಆಕೆಗೊಂದು ಸ್ತಂಭ ನಿಲ್ಲಿಸಿದರು. 1892ರಲ್ಲಿ ಆಕೆಯ ಪರವಾಗಿ ಸಹಿ ಹಾಕಿದ್ದ ನೆರೆಹೊರೆಯವರ ಹೆಸರುಗಳೂ ಕಲ್ಲಿಗೇರಿದವು. ಅಪಾಯದ ದಿನಗಳಲ್ಲಿ ಸತ್ಯ ನುಡಿದವರನ್ನು ನೆನೆದ ಅಪರೂಪದ ಕಲ್ಲದು. 1992ರಲ್ಲಿ ಸೇಲಮ್‌ನ ಹಳೆಯ ಸ್ಮಶಾನದ ಮಗ್ಗುಲಲ್ಲಿ ರೂಪುಗೊಂಡ ಸ್ಮಾರಕದಲ್ಲಿ ಇಪ್ಪತ್ತು ಕಲ್ಲಿನ ಪೀಠಗಳಿವೆ. ಹೊಸ್ತಿಲ ಕಲ್ಲುಗಳ ಮೇಲೆ ಕೆತ್ತಿದ ನಿರಪರಾಧಿತ್ವದ ಮಾತುಗಳು ಗೋಡೆಗೆ ತಾಗಿ ಅರ್ಧಕ್ಕೇ ತುಂಡಾಗುತ್ತವೆ. ನೇಣಿನ ನಿಜವಾದ ಸ್ಥಳವಾದ ಪ್ರಾಕ್ಟರ್ಸ್ ಲೆಡ್ಜ್‌ನಲ್ಲಿ ಸ್ಮಾರಕವಾದದ್ದು 2017ರಲ್ಲಿ.

ಕಾನೂನಿನ ಪರಿಹಾರವೂ ಕಂತುಕಂತಾಗಿಯೇ ನಡೆಯಿತು. 1711ರಲ್ಲಿ ಹಲವರ ಶಿಕ್ಷೆ ರದ್ದಾಯಿತು. 1957ರಲ್ಲಿ ಮತ್ತೊಂದು ನಿರ್ಣಯವಾಯಿತು. ಹೆಸರಿಸದೆ ಉಳಿದಿದ್ದ ಬ್ರಿಜೆಟ್ ಬಿಷಪ್ ಮೊದಲಾದ ಐವರು ಮಹಿಳೆಯರ ಹೆಸರು ಸೇರಿದ್ದು 2001ರಲ್ಲಿ. ಎಲಿಜಬೆತ್ ಜಾನ್ಸನ್ ಜೂನಿಯರ್ ನಿರ್ದೋಷಿಯಾದದ್ದು 2022ರಲ್ಲಿ.

ಇಷ್ಟಾದರೂ ಒಂದು ಅಂತರ ಉಳಿದಿದೆ. ಸತ್ತವರ ಹೆಸರುಗಳನ್ನು ಕೆತ್ತುವ ಸ್ಮಾರಕದಲ್ಲಿ ಬದುಕುಳಿದ ಟಿಟುಬಾಳಿಗೆ ಪೀಠವಿಲ್ಲ. ಅನ್ಯಾಯಕ್ಕೊಳಗಾದ ವಲಸಿಗರ ಹೆಸರುಗಳು ಒಂದೊಂದಾಗಿ ಮರಳಿವೆ. ಅದೇ ವಲಸಿಗರಿಂದ ನೆಲ ಕಳೆದುಕೊಂಡವರ ಕಥೆ ಮಾತ್ರ ಊರಿನ ಹೊಸ ಹೆಸರಿನ ಅಡಿಯಲ್ಲೇ ಇದೆ. 1626, 1686 ಮತ್ತು 1692 ಒಂದೇ ಫಲಕದಲ್ಲಿ ಕೂಡಿ ಬಂದಾಗಲಷ್ಟೇ ಅಲ್ಲಿಯ ಸ್ಮರಣೆ ಪೂರ್ಣವಾದೀತು. ಯಾವುದೇ ಸ್ಥಳಫಲಕವನ್ನು ಓದುವಾಗ ಅದು ಯಾವ ವರ್ಷದಿಂದ, ಯಾರ ನುಡಿಯ ಹೆಸರಿನಿಂದ ಆರಂಭವಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕೆಂಬುದು ಸೇಲಮ್ ಕಲಿಸುವ ಪಾಠ.