ಬೀಸುಕಲ್ಲಿನ ನಾಡಿನಲ್ಲಿ ಕಾಫಿಯ ಗಿರಣಿ

ಜೋಳದ ಹಿಟ್ಟು ಹಳತಾದರೆ ಅದರ ಜಿಗಿ ಹೋಗುತ್ತದೆ. ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಕಲಬುರಗಿ ಸೀಮೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಗರದ ಅಂಚಿನ ತಾಜಸುಲ್ತಾನಪುರವಿರಲಿ, ಅತ್ತ ಕಮಲಾಪುರವಿರಲಿ, ಜೋಳವನ್ನು ಚೀಲಗಟ್ಟಲೆ ಮನೆಯಲ್ಲಿ ತುಂಬಿಟ್ಟರೂ ಹಿಟ್ಟನ್ನು ಮಾತ್ರ ಆಗಾಗ, ಬೇಕಾದಷ್ಟೇ ಬೀಸಿಸಿಕೊಂಡು ಬರುವುದು ವಾಡಿಕೆ. ಕಾಳು ತಿಂಗಳುಗಟ್ಟಲೆ ತಾಳುತ್ತದೆ, ಹಿಟ್ಟು ತಾಳುವುದಿಲ್ಲ ಎಂಬ ಈ ತಿಳಿವಳಿಕೆ ಕಾಫಿಗೂ ಸಲ್ಲುತ್ತದೆ. ಹುರಿದ ಕಾಫಿ ಬೀಜ ಕೆಲವು ವಾರ ತನ್ನ ಸುವಾಸನೆಯನ್ನು ಕಾಯ್ದುಕೊಳ್ಳುತ್ತದೆ. ಪುಡಿಯಾದ ಮರುಕ್ಷಣದಿಂದಲೇ ಅದು ಗಾಳಿಪಾಲಾಗತೊಡಗುತ್ತದೆ.

ಎಸ್ಪ್ರೆಸೊ ಎಂಬ ಇಟಲಿಯ ಗಟ್ಟಿ ಕಾಫಿಯನ್ನು ಮನೆಯಲ್ಲೇ ಇಳಿಸುವ ಪುಟ್ಟ ಯಂತ್ರಗಳು ಈಚಿನ ವರ್ಷಗಳಲ್ಲಿ ನಮ್ಮ ಊರುಗಳ ಅಡಿಗೆಮನೆಗಳಿಗೂ ಬರತೊಡಗಿವೆ. ಕೊಳ್ಳುವವರ ಗಮನವೆಲ್ಲ ಸಾಮಾನ್ಯವಾಗಿ ಹೊಳೆಯುವ ಯಂತ್ರದ ಮೇಲೆ. ಪುಡಿ ಪೊಟ್ಟಣದ್ದಾದರೂ ನಡೆದೀತೆಂಬ ಭಾವನೆ. ಲೋಟದೊಳಗಿನ ರುಚಿಯನ್ನು ಮೊದಲು ನಿರ್ಧರಿಸುವುದು ಬೀಸುವ ಸಾಧನವೆಂಬುದನ್ನು ಕಾಫಿಯ ಇತಿಹಾಸ ಮತ್ತೆ ಮತ್ತೆ ತೋರಿಸಿಕೊಟ್ಟಿದೆ. ಆ ಸಾಧನ ನಮ್ಮ ಮನೆಗಳಿಗೆ ಹೇಗೆ ಬಂತು, ಹೇಗೆ ಹೋಯಿತು, ಈಗ ಏಕೆ ಮರಳಿ ಬೇಕಾಗಿದೆ ಎಂಬುದು ತಿಳಿಯತಕ್ಕ ಸಂಗತಿ.

ಕಲ್ಲಿನಿಂದ ಕಬ್ಬಿಣಕ್ಕೆ

ಬೀಸುವ ಕೆಲಸಕ್ಕೆ ಕಲಬುರಗಿಯಲ್ಲಿ ಸಾಹಿತ್ಯದ ನಂಟೂ ಇದೆ. ಕನ್ನಡದ ಹೆಣ್ಣುಮಕ್ಕಳು ಬೀಸುವಾಗ ತ್ರಿಪದಿಗಳನ್ನು ಹಾಡಿದಂತೆ ದಖನಿ ಮಾತಿನವರು ‘ಚಕ್ಕಿನಾಮ’ ಎಂಬ ಬೀಸುವ ಪದಗಳನ್ನು ಹಾಡುತ್ತಿದ್ದರು. ಅವುಗಳಲ್ಲಿ ಕೆಲವು ಖಾಜಾ ಬಂದೇನವಾಜರ ಹೆಸರಿನಲ್ಲಿ ಉಳಿದುಬಂದಿವೆ. ತಿರುಗುವ ಕಲ್ಲು, ನಡುವಿನ ಗೂಟ, ಕಾಳು ಹಾಕುವ ಕೈ, ಇವೆಲ್ಲ ಸೂಫಿಗಳ ಪಾಲಿಗೆ ಭಕ್ತಿಯ ಉಪಮೆಗಳಾದವು. ಬಂದೇನವಾಜರು ತೀರಿಕೊಂಡದ್ದು 1422ರಲ್ಲಿ. ಯೆಮನ್ ದೇಶದ ಸೂಫಿಗಳು ರಾತ್ರಿಯ ಧ್ಯಾನದಲ್ಲಿ ನಿದ್ರೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದ ಸಂಗತಿ ಖಚಿತವಾಗಿ ಕಾಣಿಸಿಕೊಳ್ಳುವುದು ಅದೇ ಶತಮಾನದ ನಡುಭಾಗದಲ್ಲಿ. ಎಂದರೆ, ಕಲಬುರಗಿಯ ಬೀಸುಕಲ್ಲು ಪದವಾಗುವ ಹೊತ್ತಿಗೆ ಕಾಫಿಯಿನ್ನೂ ಲೋಕಸಂಚಾರಕ್ಕೆ ಹೊರಟಿರಲಿಲ್ಲ.

ಕಾಫಿಯನ್ನು ಕರ್ನಾಟಕಕ್ಕೆ ತಂದವರೂ ಒಬ್ಬ ಸೂಫಿ ಸಂತರೆಂಬುದು ಪ್ರತೀತಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆನ್ನುತ್ತಾರೆ. ಬೀಜದ ಕತೆ ಎಲ್ಲರಿಗೂ ಗೊತ್ತು. ಅದನ್ನು ಪುಡಿಮಾಡಿದ ಸಾಧನದ ಕತೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಅರಬರು ಮೊದಲು ಹುರಿದ ಬೀಜವನ್ನು ಒರಳಿನಲ್ಲಿ ಕುಟ್ಟುತ್ತಿದ್ದರು. ತುರ್ಕರು ಹಿತ್ತಾಳೆಯ ಕೊಳವೆಯಾಕಾರದ ಕೈಗಿರಣಿಯನ್ನು ರೂಢಿಗೆ ತಂದರು. ಅದರಲ್ಲಿ ಪುಡಿ ಹಿಟ್ಟಿನಷ್ಟು ನುಣ್ಣಗಾಗುತ್ತಿತ್ತು. ಯುರೋಪಿನಲ್ಲಿ ಮೇಲೆ ಹಿಡಿ, ಕೆಳಗೆ ಸಣ್ಣ ಖಾನೆಯಿರುವ ಮರದ ಪೆಟ್ಟಿಗೆಯ ಗಿರಣಿಗಳು ಬಂದವು. ಮುಂದೆ ಮೋಟಾರು ಕಾರಿಗೆ ಹೆಸರಾದ ಫ್ರಾನ್ಸಿನ ಪ್ಯೂಜೊ ಮನೆತನ 1840ರಲ್ಲೇ ಕಾಫಿ ಗಿರಣಿ ತಯಾರಿಸಿತ್ತು. ರೂಪ ಎಷ್ಟೇ ಬದಲಾದರೂ ಒಳಗಿನ ತತ್ವ ಬೀಸುಕಲ್ಲಿನದೇ. ಎರಡು ಒರಟು ಮೈಗಳ ನಡುವೆ ಕಾಳು ಸಿಕ್ಕಿ, ಆ ಸಂದಿಯಷ್ಟು ಸಣ್ಣದಾದ ಮೇಲಷ್ಟೇ ಹೊರಬೀಳುತ್ತದೆ. ಮೇಲಿನ ಕಲ್ಲನ್ನು ಎಳೆಯಷ್ಟು ಎತ್ತಿ ಕೂಡಿಸಿದರೆ ಹಿಟ್ಟಿನ ಬದಲು ನುಚ್ಚು ಬರುವಂತೆ, ಕಾಫಿ ಗಿರಣಿಯ ತಿರುಪನ್ನು ಸಡಿಲಿಸಿದರೆ ಪುಡಿ ತರಿಯಾಗುತ್ತದೆ.

ಮನೆ ಬಿಟ್ಟ ಗಿರಣಿ

ಹಳೆಯ ಮೈಸೂರು ಸೀಮೆಯಲ್ಲಿ ಕಾಫಿ ಮನೆಮಾತಾದ ಕಾಲಕ್ಕೆ, ಅನುಕೂಲವಿದ್ದ ಮನೆಗಳಲ್ಲಿ ಹಸಿ ಬೀಜವನ್ನೇ ಕೊಳ್ಳುತ್ತಿದ್ದರು. ಬೆಳಗಾಗುತ್ತಲೇ ಬೇಕಾದಷ್ಟನ್ನು ಬಾಣಲೆಯಲ್ಲಿ ಹುರಿದು, ಹಲಗೆಗೆ ಬಿಗಿದ ಎರಕದ ಕಬ್ಬಿಣದ ಕೈಮಿಷನ್ನಿನಲ್ಲಿ ಪುಡಿಮಾಡಿ, ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವುದು ಕ್ರಮ. ಹುರಿಯುವ ಹದವೂ ಪುಡಿಯ ಸಣ್ಣತನವೂ ಮನೆಯಾಕೆಯ ಕೈಯಲ್ಲಿದ್ದವು. ಕೆಲಸ ಹೆಚ್ಚು, ಹೊಗೆ ಹೆಚ್ಚು. ಆದರೆ ಲೋಟದಲ್ಲಿ ಏನಿದೆಯೆಂಬ ಬಗ್ಗೆ ಅನುಮಾನವಿರಲಿಲ್ಲ.

ಎರಡನೆಯ ಮಹಾಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿಸಿದಾಗ ಬೆಳೆಗಾರರ ರಕ್ಷಣೆಗಾಗಿ 1942ರ ಕಾಫಿ ಕಾಯಿದೆ ಬಂತು. ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಸಮಷ್ಟಿ ಸಂಗ್ರಹಕ್ಕೆ ಒಪ್ಪಿಸಬೇಕಾಯಿತು. ಮಾರಾಟ ಮಂಡಳಿಯ ಹರಾಜಿನ ಮೂಲಕ ನಡೆಯತೊಡಗಿತು. ಪೇಟೆಗಳಲ್ಲಿ ಹುರಿದು ಪುಡಿಮಾಡಿ ಕೊಡುವ ‘ಕಾಫಿ ವರ್ಕ್ಸ್’ ಅಂಗಡಿಗಳು ನೆಲೆಯೂರಿದವು. ಬೀದಿಗೆಲ್ಲ ಹರಡುವ ಅವುಗಳ ಘಮ ಬೆಂಗಳೂರು, ಮೈಸೂರುಗಳ ಗುರುತೇ ಆಯಿತು. ಕ್ರಮೇಣ ಕೈಮಿಷನ್ನು ಅಟ್ಟ ಸೇರಿತು.

ಅನುಕೂಲದೊಂದಿಗೆ ಒಂದು ಕಳವಳವೂ ಬಂತೆನ್ನಬೇಕು. ಚಿಕೋರಿ ಒಂದು ಸಸ್ಯದ ಬೇರು. ಹುರಿದು ಪುಡಿಮಾಡಿದರೆ ಬಣ್ಣ, ಕಹಿ, ಗಟ್ಟಿತನ ಕೊಡುತ್ತದೆ, ಕಾಫಿಗಿಂತ ಅಗ್ಗ. ಅದನ್ನು ಇಷ್ಟಪಟ್ಟು ಬೆರೆಸಿಕೊಳ್ಳುವವರು ಸಾಕಷ್ಟಿದ್ದಾರೆ, ಅದು ರುಚಿಯ ಪ್ರಶ್ನೆ. ಆದರೆ ಮಿಶ್ರಣದಲ್ಲಿ ನೂರಕ್ಕೆ 49ರವರೆಗೆ ಚಿಕೋರಿ ಇರಲು ಕಾನೂನು ಅವಕಾಶ ಕೊಡುತ್ತದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು, ಅಷ್ಟೆ. ಕಣ್ಣಿಗೆ ಕಾಣುವ ಬೀಜದಲ್ಲಿ ಬೆರಕೆಗೆ ಎಡೆ ಕಡಿಮೆ. ಪುಡಿಯಾದ ಮೇಲೆ ಕೊಳ್ಳುವವನಿಗೆ ಉಳಿಯುವುದು ಮುದ್ರಿತ ಅಕ್ಷರದ ಮೇಲಿನ ನಂಬಿಕೆ ಮಾತ್ರ.

ಕಲಬುರಗಿಯ ಹಾದಿ ಇದಕ್ಕಿಂತ ಭಿನ್ನ. 1948ರ ಸೆಪ್ಟೆಂಬರ್‌ವರೆಗೆ ಅದು ನಿಜಾಮನ ಆಳ್ವಿಕೆಯಲ್ಲಿತ್ತು. ಮೈಸೂರು ರಾಜ್ಯದೊಡನೆ ಸೇರಿದ್ದು 1956ರ ನವೆಂಬರ್ 1ರಂದು. 1871ರಲ್ಲಿ ಪೂರ್ಣಗೊಂಡ ಮುಂಬಯಿ-ಮದರಾಸು ರೈಲುಮಾರ್ಗ ಈ ಊರಿನ ಮೇಲೇ ಹಾಯುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಚಹಾ ಉದ್ಯಮ ತನ್ನ ಪ್ರಚಾರಕ್ಕೆ ಆರಿಸಿಕೊಂಡ ತಾಣಗಳಲ್ಲಿ ರೈಲು ನಿಲ್ದಾಣಗಳು ಮುಖ್ಯವಾಗಿದ್ದವು. ಒಂದೆಡೆ ಮುಂಬಯಿ, ಇನ್ನೊಂದೆಡೆ ಹೈದರಾಬಾದು, ಎರಡೂ ಚಹಾದ ಊರುಗಳು. ಹೀಗಾಗಿ ಇಲ್ಲಿನ ಬಹುಪಾಲು ಮನೆಗಳಲ್ಲಿ ಅತಿಥಿಗೆ ಚಹಾವೇ ಮರ್ಯಾದೆ. ಹಲಗೆಗೆ ಬಿಗಿದ ಕಾಫಿ ಮಿಷನ್ನಿನ ನೆನಪು ಇಲ್ಲಿಲ್ಲ. ಗಿರಣಿಯ ನೆನಪು ಮಾತ್ರ ಧಾರಾಳವಾಗಿದೆ.

ಎಸ್ಪ್ರೆಸೊ ಕೇಳುವ ಹದ

1884ರಲ್ಲಿ ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಉಗಿಯ ಬಲದಿಂದ ಕಾಫಿ ಇಳಿಸುವ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. ಆ ಯಂತ್ರಗಳ ಒತ್ತಡ ಕಡಿಮೆ. 1940ರ ದಶಕದ ಕೊನೆಯಲ್ಲಿ ಅಕಿಲ್ಲೆ ಗಾಜ್ಜಿಯಾ ಸ್ಪ್ರಿಂಗಿನ ಹಿಡಿಕೆಯಿರುವ ಯಂತ್ರ ತಂದ ಮೇಲೆ ಒತ್ತಡ ವಾಯುಮಂಡಲದ ಒತ್ತಡದ ಎಂಟೊಂಬತ್ತು ಪಟ್ಟು ಏರಿತು, ಕಾಫಿಯ ಮೇಲೆ ಕಂದುಬಣ್ಣದ ನೊರೆ ಕಟ್ಟಿತು. ಇಂದು ನಾವು ಎಸ್ಪ್ರೆಸೊ ಎನ್ನುವುದು ಇದನ್ನೇ.

ಒತ್ತಡ ಹೆಚ್ಚಿದಂತೆ ಗಿರಣಿಯ ಹೊಣೆಯೂ ಹೆಚ್ಚಿತು. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ನಿಧಾನವಾಗಿ ಇಳಿಯುತ್ತದೆ; ಪುಡಿ ತುಸು ದಪ್ಪವಾದರೂ ಡಿಕಾಕ್ಷನ್ ಕೆಡದು. ಎಸ್ಪ್ರೆಸೊದಲ್ಲಿ ಎಲ್ಲ ಕೆಲಸವೂ ಅರ್ಧ ನಿಮಿಷದೊಳಗೆ ಮುಗಿಯಬೇಕು. ಪುಡಿ ದಪ್ಪವಾದರೆ ನೀರು ನುಗ್ಗಿಹೋಗಿ ಕಾಫಿ ತೆಳ್ಳಗೆ, ಹುಳಿಯಾಗುತ್ತದೆ. ತೀರ ನುಣ್ಣಗಾದರೆ ತೊಟ್ಟಿಕ್ಕುತ್ತ ಕಹಿಯಾಗುತ್ತದೆ. ದಪ್ಪವೂ ನುಣುಪೂ ಬೆರೆತಿದ್ದರೆ ಒಂದೇ ಲೋಟದಲ್ಲಿ ಹುಳಿ, ಕಹಿ ಎರಡೂ ಸೇರುತ್ತವೆ. ಮಿಕ್ಸಿಯಲ್ಲಿ ಆಗುವುದು ಇದೇ. ಅದರ ಅಲಗು ಬೀಜವನ್ನು ಸಿಕ್ಕಂತೆ ಕತ್ತರಿಸುತ್ತದೆ. ಸಂದಿಯ ಅಳತೆಯೆಂಬುದೇ ಅಲ್ಲಿಲ್ಲ.

ಕಾಫಿಯ ಕಡ್ಡಾಯ ಸಮಷ್ಟಿ ವ್ಯವಸ್ಥೆ 1996ರಲ್ಲಿ ಕೊನೆಗೊಂಡಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇ ತೆರೆಯಿತು. ಎಸ್ಪ್ರೆಸೊ ಎಂಬ ಹೆಸರು ಕನ್ನಡಿಗರ ಕಿವಿಗೆ ಹೆಚ್ಚಾಗಿ ಬೀಳತೊಡಗಿದ್ದು ಆಮೇಲೆ. ವಿಚಿತ್ರವೆಂದರೆ ಇಟಲಿ ಬಹುಕಾಲದಿಂದ ಭಾರತದ ಕಾಫಿಯ ಬಹುದೊಡ್ಡ ಗಿರಾಕಿ. ಕೊಡಗು, ಚಿಕ್ಕಮಗಳೂರುಗಳ ರೊಬಸ್ಟಾ ಬೀಜ ಅಲ್ಲಿನ ಎಸ್ಪ್ರೆಸೊಗೆ ನೊರೆ ಮತ್ತು ಗಟ್ಟಿತನ ಒದಗಿಸುತ್ತ ಬಂದಿದೆ. ಈಗ ಬೆಳೆಗಾರರೇ ಹುರಿದು, ಹುರಿದ ದಿನಾಂಕ ಬರೆದು ಅಂಚೆಯಲ್ಲಿ ಕಳಿಸುವುದರಿಂದ, ಆ ಬೀಜ ಕಲಬುರಗಿಯ ಮನೆಗೂ ನೇರವಾಗಿ ಬರಬಲ್ಲದು.

ಆಯುವಾಗ, ಬಳಸುವಾಗ

ಕೊಳ್ಳುವವರು ಮೊದಲು ನೋಡಬೇಕಾದ್ದು ಒಳಗಿನ ಹಲ್ಲುಗಳನ್ನು. ಅಲಗಿನ ಬದಲು, ‘ಬರ್’ ಎಂದು ಕರೆಯುವ ಹಲ್ಲುಳ್ಳ ಉಕ್ಕಿನ ಜೋಡಿಯಿರಬೇಕು. ಇದರಲ್ಲಿ ಶಂಕುವಿನಾಕಾರದ್ದು, ಚಪ್ಪಟೆ ಬಿಲ್ಲೆಯಂಥದ್ದು ಎಂದು ಎರಡು ಬಗೆ. ಮನೆಬಳಕೆಗೆ ಎರಡೂ ಸಲ್ಲುತ್ತವೆ. ಆಕಾರಕ್ಕಿಂತ ಮುಖ್ಯವಾದದ್ದು ಜೋಡಣೆ: ತಿರುಗುವಾಗ ಅಲುಗಾಡಿದರೆ ಪುಡಿ ಸಮವಾಗಿ ಬರುವುದಿಲ್ಲ. ಎರಡನೆಯದು, ಹದ ಬದಲಿಸುವ ತಿರುಪು. ಫಿಲ್ಟರ್ ಕಾಫಿಗೆ ದೊಡ್ಡ ಮೆಟ್ಟಿಲುಗಳಿದ್ದರೂ ಸಾಕು; ಎಸ್ಪ್ರೆಸೊಗೆ ಕೂದಲೆಳೆಯಷ್ಟೂ ಸರಿಸಬಹುದಾದದ್ದು ಬೇಕು. ದಿನಕ್ಕೆ ಒಂದೆರಡು ಲೋಟ ಮಾತ್ರ ಮಾಡುವವರಿಗೆ ಒಳ್ಳೆಯ ಕೈಗಿರಣಿ ಸಾಕು. ಅದೇ ಬೆಲೆಯ ವಿದ್ಯುತ್ ಗಿರಣಿಗಿಂತ ಅದರ ಹಲ್ಲು ಸಾಮಾನ್ಯವಾಗಿ ಉತ್ತಮ, ಕರೆಂಟು ಹೋದರೂ ಚಿಂತೆಯಿಲ್ಲ. ಕೈಯಲ್ಲಿರುವ ಹಣ ಮಿತವಾಗಿದ್ದರೆ ಯಂತ್ರದಲ್ಲಿ ಉಳಿಸಿ ಗಿರಣಿಗೆ ಹಾಕುವುದು ವಿವೇಕ.

ಬಳಕೆಯ ಕ್ರಮ ಸರಳ. 18 ಗ್ರಾಂ ಬೀಜ ತೂಗಿ, ಬೀಸಿ, ಸುಮಾರು 36 ಗ್ರಾಂ ಕಾಫಿ ಇಳಿಸಿ. ಇದಕ್ಕೆ 25ರಿಂದ 30 ಸೆಕೆಂಡು ಹಿಡಿಯಬೇಕು. ಬೇಗ ಇಳಿದರೆ ತುಸು ನುಣ್ಣಗೆ, ತಡವಾದರೆ ತುಸು ತರಿಯಾಗಿ ಬೀಸಬೇಕು. ವಿದ್ಯುತ್ ಗಿರಣಿಯನ್ನು ನುಣ್ಣನೆಯ ಕಡೆಗೆ ತಿರುಗಿಸುವಾಗ ಅದು ಓಡುತ್ತಿರಲಿ, ಇಲ್ಲದಿದ್ದರೆ ಬೀಜ ಸಿಕ್ಕಿಕೊಂಡೀತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಜಾಣತನ.

ಗಿರಣಿಗೆ ಹೋದವರಿಗೆ ಇನ್ನೊಂದು ಸಂಗತಿ ಗೊತ್ತು. ಮುಂದಿನವರು ಕಡಲೆ ಬೀಸಿಸಿದ್ದರೆ ನಮ್ಮ ಜೋಳದ ಮೊದಲ ಹಿಡಿಯಲ್ಲಿ ಅದು ಬೆರೆತೇ ಬರುತ್ತದೆ. ಕಾಫಿ ಗಿರಣಿಯೊಳಗೂ ನಿನ್ನೆಯ ಪುಡಿ ಒಂದಿಷ್ಟು ಉಳಿಯುತ್ತದೆ. ಹದ ಬದಲಿಸಿದಾಗ ಮೊದಲ ಎರಡು ಗ್ರಾಂ ಚೆಲ್ಲುವುದೇ ಲೇಸು. ಖಾರಕ್ಕೆ ಬೇರೆ ಗಿರಣಿಯಿರುವಂತೆ ಕಾಫಿಯ ಗಿರಣಿಯಲ್ಲಿ ಮೆಣಸು, ಏಲಕ್ಕಿ ಹಾಕಬಾರದು. ಹಲ್ಲುಗಳನ್ನು ವಾರಕ್ಕೊಮ್ಮೆ ಒಣ ಕುಂಚದಿಂದ ಉಜ್ಜಬೇಕು, ನೀರು ಸೋಕಿಸಬಾರದು. ಕಲ್ಲು ಸವೆದಾಗ ಉಳಿಯಿಂದ ಒರಟು ಮಾಡಿಸುತ್ತಿದ್ದಂತೆ, ಉಕ್ಕಿನ ಹಲ್ಲು ಸವೆದಾಗ ಬದಲಿಸಬೇಕಾಗುತ್ತದೆ.

ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುವುದರಿಂದ ಬೀಜದ ಡಬ್ಬಿ ಗಾಳಿಯಾಡದಂತಿರಬೇಕು, ಒಲೆಯಿಂದ ದೂರವಿರಬೇಕು. ಒಣ ಹವೆಯಲ್ಲಿ ಪುಡಿ ವಿದ್ಯುದಂಶದಿಂದ ಗೋಡೆಗಂಟಿ ಹಾರುತ್ತದೆ. ಬೀಸುವ ಮುನ್ನ ಬೀಜಕ್ಕೆ ಒಂದೇ ಹನಿ ನೀರು ತಾಗಿಸಿ ಕಲಕಿದರೆ ಅದು ನಿಲ್ಲುತ್ತದೆ. ಮಳೆಗಾಲ ಬಂದಾಗ ಹದ ಮತ್ತೆ ನೋಡಿಕೊಳ್ಳಬೇಕು.

ಕಾಫಿ ಗಿರಣಿ ಮನೆಗೆ ಮರಳುವುದನ್ನು ಹೊಸ ಶೋಕಿಯೆಂದು ತಳ್ಳಿಹಾಕುವವರುಂಟು. ಬೆಲೆಯನ್ನು ನೋಡಿದರೆ ಆ ಮಾತಿನಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ಅದರೊಂದಿಗೆ ಮರಳುವುದು ಒಂದು ಹಳೆಯ ಅಧಿಕಾರ: ಎಂಥ ಕಾಳು, ಎಷ್ಟು ಸಣ್ಣಗೆ, ಯಾವಾಗ ಎಂಬುದನ್ನು ಉಣ್ಣುವ ಮನೆಯೇ ತೀರ್ಮಾನಿಸುವ ಅಧಿಕಾರ. ಜೋಳದ ಮಟ್ಟಿಗೆ ಈ ಸೀಮೆಯ ಜನ ಅದನ್ನು ಬಿಟ್ಟುಕೊಟ್ಟಿಲ್ಲ. ಕಾಫಿಯ ಮಟ್ಟಿಗೆ ಅವರು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ.