ತಿರುಗಿಕೊಳ್ಳುವುದು

ಗಾಣ ತಿರುಗುತ್ತದೆ, ಬುಗುರಿ ತಿರುಗುತ್ತದೆ. ಕೆಲಸ ಹುಡುಕುವವನು ಊರೂರು ತಿರುಗುತ್ತಾನೆ. ನೆಚ್ಚಿಕೊಂಡವನೇ ಒಂದು ದಿನ ತಿರುಗಿ ಬೀಳುತ್ತಾನೆ. ಸೊಕ್ಕಿದವನಿಗೆ ತಲೆ ತಿರುಗಿದೆ ಎನ್ನುತ್ತೇವೆ. ಇಷ್ಟೆಲ್ಲ ಬೀದಿ ಕಂಡ ಪದ ಕನ್ನಡ ಸತ್ಯವೇದದಲ್ಲಿ ಬಲು ದೊಡ್ಡ ಹೊಣೆ ಹೊತ್ತಿದೆ. ಸ್ನಾನಿಕನಾದ ಯೋಹಾನನೂ ಯೇಸುವೂ ಜನರಿಗೆ ಕೊಟ್ಟ ಮೊದಲ ಕರೆಯನ್ನು ನಮ್ಮ ಹಳೆಯ ಅನುವಾದಕರು ದೇವರ ಕಡೆಗೆ ‘ತಿರುಗಿಕೊಳ್ಳುವುದು’ ಎಂದು ತಂದರು.

ಮೂಲದ ಗ್ರೀಕ್ ಪದ ‘ಮೆಟನೋಯ’, ಅಂದರೆ ಮನಸ್ಸು ಬದಲಾಗುವುದು. ಲ್ಯಾಟಿನ್‌ನಲ್ಲಿ ಅದು ‘ಪೆನಿಟೆನ್ಷಿಯ’ ಆಯಿತು. ಮಧ್ಯಯುಗದ ಯುರೋಪಿನಲ್ಲಿ ಆ ಪದ, ಪಾಪ ನಿವೇದಿಸಿ, ವಿಧಿಸಿದ ಪ್ರಾಯಶ್ಚಿತ್ತ ಮಾಡಿ ಮುಗಿಸುವುದರ ಕಡೆಗೆ ವಾಲಿತು. 1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಮರುವರ್ಷ ಲೂಥರ್ ತನ್ನ 95 ಪ್ರಮೇಯಗಳಲ್ಲಿ ಮೊದಲನೆಯದನ್ನೇ ಈ ಪದಕ್ಕೆ ಮೀಸಲಿಟ್ಟ: ಇದು ವಿಶ್ವಾಸಿಯ ಇಡೀ ಬಾಳಿನ ಕೆಲಸ ಎಂದ. ಹೀಬ್ರೂ ಪ್ರವಾದಿಗಳ ‘ಶೂಬ್’ ಎಂಬ ಮಾತಿಗಂತೂ ಹಿಂತಿರುಗುವುದು ಎಂದೇ ಅರ್ಥ. ಕನ್ನಡದ ಪದ ಅದಕ್ಕೆ ತೀರ ಹತ್ತಿರ.

ಈ ಪದದ ತುದಿಯಲ್ಲಿರುವ ‘ಕೊಳ್ಳು’ ನನಗೆ ಮುಖ್ಯ. ತಿರುಗಿಸುವುದು ಇನ್ನೊಬ್ಬರಿಗೆ ಮಾಡುವ ಕೆಲಸ. ತಿರುಗಿಕೊಳ್ಳುವುದು ತನಗೆ ತಾನೇ. ಸಭಾಪಾಲಕರು ಈ ಮಾತನ್ನು ಓದುವಾಗ ನನ್ನ ಕಣ್ಣು ಎಷ್ಟೋ ಸಲ ಪಕ್ಕದ ಬೆಂಚಿನತ್ತ ಹೋಗಿದೆ, ಇದನ್ನು ಅವರು ಕೇಳಬೇಕಿತ್ತು ಎಂದು. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಯೇಸುವಿನ ಜೊತೆ ನಡೆದ ಪೇತ್ರನಿಗೂ ಒಂದೇ ಸಲ ತಿರುಗಿಕೊಂಡರೆ ಸಾಕಾಗಲಿಲ್ಲ. ಯೊಪ್ಪದ ಮಾಳಿಗೆಯ ಮೇಲೆ ಹಸಿದಿದ್ದಾಗ ಅವನಿಗೊಂದು ದರ್ಶನವಾಯಿತು: ಮೈಲಿಗೆಯೆಂದು ತಾನೆಂದೂ ಮುಟ್ಟದ ಪ್ರಾಣಿಗಳು, ತಿನ್ನು ಎಂಬ ವಾಣಿ. ಒಲ್ಲೆ ಎಂದ. ಮೂರು ಸಲ ಹೇಳಿಸಿಕೊಂಡ. ಕೊನೆಗೆ, ಯೆಹೂದ್ಯರು ಹಾಗೆಯೇ ದೂರವಿಟ್ಟಿದ್ದ ಅನ್ಯಜನರಲ್ಲೊಬ್ಬನಾದ ರೋಮನ್ ಶತಾಧಿಪತಿ ಕೊರ್ನೇಲ್ಯನ ಹೊಸ್ತಿಲು ದಾಟಿದ. ಆದರೂ ಅಂತಿಯೋಕ್ಯದಲ್ಲಿ ಅದೇ ಪೇತ್ರ, ಜನರಿಗೆ ಅಂಜಿ, ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದ. ಅವನಿಗಿಂತ ತಡವಾಗಿ ಬಂದ ಪೌಲ ಎಲ್ಲರೆದುರು ಅವನನ್ನು ತಿದ್ದಬೇಕಾಯಿತು. ಹಿರಿಯ ಅಪೊಸ್ತಲನ ಈ ತಪ್ಪನ್ನು ಸಭೆ ಮುಚ್ಚಿಡಲಿಲ್ಲ. ತನ್ನ ಪವಿತ್ರ ಗ್ರಂಥದಲ್ಲೇ ಉಳಿಸಿಕೊಂಡಿತು. ಕ್ರೈಸ್ತರ ದೀನತೆಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ಅಲುಗದಿರುವುದೇ ಗಟ್ಟಿ ನಂಬಿಕೆ ಎಂದು ಬಗೆದವರಿಗೆ ಪೇತ್ರ ಬೇರೆಯದನ್ನು ಹೇಳುತ್ತಾನೆ. ಅವನು ಬಿಟ್ಟದ್ದು ದೇವರನ್ನಲ್ಲ; ದೇವರು ಇಷ್ಟೇ ಎಂದು ತಾನು ಎಳೆದುಕೊಂಡಿದ್ದ ಗೆರೆಯನ್ನು.

ಕನ್ನಡದಲ್ಲಿ ‘ತಿರುಗಿ’ ಎಂದರೆ ‘ಮತ್ತೆ’ ಎಂದೂ ಅರ್ಥ. ಬರುವ ಭಾನುವಾರ ಆ ಕರೆ ಕಿವಿಗೆ ಬಿದ್ದಾಗ ಪಕ್ಕದ ಬೆಂಚು ನೋಡದೆ, ಅದನ್ನು ತಿರುಗಿ ಕೇಳಿಸಿಕೊಳ್ಳಬೇಕು.