ಟೆಲಿಫೋನ್ ತಂತಿಯಲ್ಲಿ ಬಂದ ಕಬ್ಬಿನ ಲೆಕ್ಕ

ಕಬ್ಬಿನ ಹಂಗಾಮು ಶುರುವಾದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಿ ಎರಡೇ ಪ್ರಶ್ನೆ: ನಮ್ಮ ಕಟಾವಿನ ಪಾಳಿ ಯಾವಾಗ? ತೂಕ ಎಷ್ಟು ಬಂತು? ಈ ಉತ್ತರ ಬೇಗ ಸಿಗಲೆಂದು ನಮ್ಮ ಗಡಿಯಾಚೆ ಒಮ್ಮೆ ಹಳ್ಳಿಗಳಿಗೇ ಕಂಪ್ಯೂಟರ್ ತಂದಿಟ್ಟಿದ್ದರು. ಆ ಕಥೆ ನಮಗೂ ಬೇಕಾದದ್ದು.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗ ಟವರ್ ಇಲ್ಲ, ಡಾಟಾ ಪ್ಯಾಕ್ ಇಲ್ಲ. ಮನೆಯ ಟೆಲಿಫೋನ್ ತಂತಿಯನ್ನು ಮೋಡೆಮ್ ಎಂಬ ಸಣ್ಣ ಪೆಟ್ಟಿಗೆಗೆ ಸಿಕ್ಕಿಸಬೇಕು. ಅದು ಕಂಪ್ಯೂಟರಿನ ಅಂಕಿಗಳನ್ನು ಸದ್ದು ಮಾಡಿ ತಂತಿಯಲ್ಲಿ ಕಳಿಸುತ್ತದೆ, ಆ ಕಡೆಯಿಂದ ಬಂದ ಸದ್ದನ್ನು ಮತ್ತೆ ಅಂಕಿ ಮಾಡುತ್ತದೆ. ವಿಂಡೋಸ್ 95 ಅಥವಾ 98ರಲ್ಲಿ ‘ಡಯಲ್-ಅಪ್ ನೆಟ್‌ವರ್ಕಿಂಗ್’ ತೆರೆದು ನಂಬರ್, ಹೆಸರು, ಪಾಸ್‌ವರ್ಡ್ ಹಾಕಿದರೆ ಕೀಂಯ್, ಕರ್ರ್ ಎಂದು ಕೂಗಿ ಜೋಡಣೆಯಾಗುತ್ತಿತ್ತು. ಒಳ್ಳೆಯ ಮೋಡೆಮ್ಮಿನ ಗರಿಷ್ಠ ವೇಗವೇ ಸೆಕೆಂಡಿಗೆ 56 ಕಿಲೋಬಿಟ್. ನೀವು ಇವತ್ತು ವಾಟ್ಸಾಪಿನಲ್ಲಿ ಕಳಿಸುವ ಒಂದು ಎಂಬಿ ಫೋಟೋ ಇಳಿಯಲು ಎರಡೂವರೆ ನಿಮಿಷ. ತಂತಿ ಗೊರಗೊರ ಎಂದರೆ ಇನ್ನೂ ಹೊತ್ತು. ಅಷ್ಟು ಹೊತ್ತೂ ಫೋನ್ ಎಂಗೇಜು, ಮೀಟರ್ ಓಟ.

ಈಗ ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಕೊಲ್ಹಾಪುರ ದಾಟೋಣ. ಅಲ್ಲಿ ತಾತ್ಯಾಸಾಹೇಬ ಕೋರೆ ಕಟ್ಟಿದ ವಾರಣಾ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. 1998ರಲ್ಲಿ ಕೇಂದ್ರ ಮತ್ತು ಮಹಾರಾಷ್ಟ್ರ ಸರಕಾರಗಳು ವಾರಣಾ ಸಹಕಾರಿಗಳ ಜೊತೆಗೂಡಿ ಸುತ್ತಲಿನ ಸುಮಾರು 70 ಹಳ್ಳಿಗಳಿಗಾಗಿ ‘ವೈರ್ಡ್ ವಿಲೇಜ್’ ಯೋಜನೆ ತಂದವು. ಹಳ್ಳಿಯ ಕೇಂದ್ರದಲ್ಲಿ ಕಂಪ್ಯೂಟರ್, ಅದಕ್ಕೆ ಟೆಲಿಫೋನ್ ಮೂಲಕ ವಾರಣಾನಗರದ ಸಂಪರ್ಕ. ಪೇಟೆ ಧಾರಣೆ, ಸರಕಾರದ ಯೋಜನೆ, ಬೇಸಾಯದ ಸಲಹೆ ಎಲ್ಲವೂ ಸಿಗಬೇಕೆಂಬ ದೊಡ್ಡ ಆಸೆ ಇತ್ತು. ಆದರೆ ಬಹುಮಟ್ಟಿಗೆ ನಡೆದದ್ದು ಒಂದೇ ಕೆಲಸ: ಕಬ್ಬಿನ ನೋಂದಣಿ, ಕಟಾವಿನ ಪರವಾನಗಿ, ತೂಕದ ಲೆಕ್ಕ.

2006-07ರ ಸುಮಾರಿಗೆ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು ಏಳು ಹಳ್ಳಿಗಳಲ್ಲಿ ಎಂಟು ತಿಂಗಳು ಒಂದು ಪ್ರಯೋಗ ಮಾಡಿದರು. ಹಳ್ಳಿಯ ಕಂಪ್ಯೂಟರಿನ ಬದಲು ಸಾದಾ ಮೊಬೈಲು, ಎಸ್‌ಎಂಎಸ್. ಕಂಪ್ಯೂಟರ್ ಮಾಡುತ್ತಿದ್ದ ಕೆಲಸವೆಲ್ಲ ಅದರಲ್ಲೇ ಆಯಿತು. ಖರ್ಚು ಕಡಿಮೆ, ಅನುಕೂಲ ಹೆಚ್ಚು, ರೈತರಿಗೂ ಅದೇ ಹಿಡಿಸಿತು.

ಇದರಿಂದ ನಮಗೆ ಅನ್ನಿಸಿದ್ದು ಇಷ್ಟು. ರೈತನಿಗೆ ಬೇಕಿದ್ದದ್ದು ಯಂತ್ರವಲ್ಲ, ಹೊತ್ತಿಗೆ ಸರಿಯಾಗಿ ಎರಡು ಸಾಲಿನ ಸುದ್ದಿ. ಕಡಿದ ಕಬ್ಬು ಹೊಲದಲ್ಲೇ ಒಣಗಿದರೆ ತೂಕ ಇಳಿಯುತ್ತದೆ, ನಷ್ಟ ಅವನದೇ. ಆದರೆ ಒಂದು ಮಾತು: ಮೋಡೆಮ್ ಇರಲಿ, ಎಸ್‌ಎಂಎಸ್ ಇರಲಿ, ಅದು ಹೇಳುವುದು ಕಾಟಾ ತೋರಿಸಿದ ಅಂಕಿಯನ್ನು ಮಾತ್ರ. ಕಾಟಾ ಸರಿ ಇದೆಯೇ ಎಂದು ನೋಡುವ ಕೆಲಸ ಇವತ್ತಿಗೂ ನಮ್ಮದೇ. ಅದಕ್ಕೆ ಹೇಳ್ತೀವಿ, ಫೋನಿಗೆ ಮೆಸೇಜು ಬಂತಂತ ತೂಕದ ಚೀಟಿ ಒಗೀಬ್ಯಾಡ್ರಿ.